ಕೆಫೀನ್ ಮೈಗೆ ಒಗ್ಗಿಹೋದಾಗ: ಇಳಿಸುವುದು, ಬಿಡುವು ಕೊಡುವುದು, ಮತ್ತೆ ಬಳಸುವುದು

ವ್ಯಾಯಾಮಕ್ಕೆ ಮುನ್ನ ತೆಗೆದುಕೊಳ್ಳುವ ಕೆಫೀನ್ ಮೊದಮೊದಲು ಕೊಟ್ಟಷ್ಟು ಚುರುಕನ್ನು ಕೆಲವು ವಾರಗಳ ನಂತರ ಕೊಡುವುದಿಲ್ಲ. ಆಗ ಹೆಚ್ಚಿನವರು ಕೆಫೀನ್ ಬೆರೆತ ಪುಡಿಯನ್ನು ಅರ್ಧ ಸ್ಕೂಪ್ (ಡಬ್ಬಿಯ ಜೊತೆ ಬರುವ ಅಳತೆ ಚಮಚ) ಜಾಸ್ತಿ ಹಾಕಿಕೊಳ್ಳುತ್ತಾರೆ. ಅದೂ ಒಗ್ಗುತ್ತದೆ, ಇನ್ನರ್ಧ ಸೇರುತ್ತದೆ, ನಿದ್ದೆ ಕೆಡುತ್ತದೆ, ಕೆಟ್ಟ ನಿದ್ದೆಯ ಆಯಾಸ ಕಳೆಯಲು ಮತ್ತಷ್ಟು ಬೇಕಾಗುತ್ತದೆ. ಇದರಿಂದ ಹೊರಬರಲು ಪ್ರಮಾಣ ಏರಿಸಿ ಪ್ರಯೋಜನವಿಲ್ಲ. ದಿನನಿತ್ಯದ ಕೆಫೀನನ್ನು ಸಾಧ್ಯವಾದಷ್ಟು ಕೆಳಗೆ ಇಟ್ಟುಕೊಳ್ಳಬೇಕು, ಸಾಧನೆಗೆ ಬೇಕಾದ ದೊಡ್ಡ ಡೋಸನ್ನು ನಿಜಕ್ಕೂ ಬೇಕಾದ ದಿನಕ್ಕೆ ಮೀಸಲಿಡಬೇಕು. ಆ ಸ್ಥಿತಿಗೆ ಹೇಗೆ ಇಳಿಯುವುದು, ಇಳಿಯುವಾಗ ಏನು ಕೆಡುತ್ತದೆ, ಆಮೇಲೆ ಹೇಗೆ ಬಳಸುವುದು ಎಂಬುದಷ್ಟೇ ಇಲ್ಲಿದೆ.

ಒಗ್ಗುವಾಗ ಏನಾಗುತ್ತದೆ

ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿರುವ ತನ್ನ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡಾಗ ನರಕೋಶಗಳ ಚಟುವಟಿಕೆ ತಗ್ಗುತ್ತದೆ, ದಣಿವೂ ತೂಕಡಿಕೆಯೂ ಕಾಣಿಸಿಕೊಳ್ಳುತ್ತವೆ. ಕೆಫೀನ್ ಅದೇ ಗ್ರಾಹಕಗಳಲ್ಲಿ ಜಾಗ ಹಿಡಿದು ಕೂರುತ್ತದೆ, ಆದರೆ ಅವುಗಳನ್ನು ಚಾಲೂ ಮಾಡುವುದಿಲ್ಲ. ಹಾಗಾಗಿ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ. ದಣಿವಿನ ಸುದ್ದಿ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ, ಅಷ್ಟೆ. ದಿನವೂ ಹೀಗೆ ತಡೆದರೆ ದೇಹ ತನ್ನ ಕಡೆಯಿಂದ ಸರಿದೂಗಿಸಲು ನೋಡುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅಡೆನೊಸಿನ್ ಗ್ರಾಹಕಗಳ ಸಂಖ್ಯೆಯೇ ಏರಿದ್ದು ಕಂಡಿದೆ. ಗ್ರಾಹಕಗಳು ಹೆಚ್ಚಾದ ಮೇಲೆ ಹಳೆಯ ಡೋಸ್ ಅವೆಲ್ಲವನ್ನೂ ಮುಚ್ಚಲು ಸಾಲದು. ಕೆಫೀನ್ ಒಮ್ಮೆಲೇ ನಿಂತರೆ ಅಡೆನೊಸಿನ್‌ನ ಪ್ರಭಾವ ಮೊದಲಿಗಿಂತಲೂ ಜೋರಾಗಿ ತಟ್ಟುತ್ತದೆ.

ಎಲ್ಲ ಪರಿಣಾಮಗಳೂ ಒಂದೇ ವೇಗದಲ್ಲಿ ಒಗ್ಗುವುದಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ಕೈ ನಡುಕ, ಎದೆಬಡಿತದ ಅರಿವು, ರಕ್ತದೊತ್ತಡದ ಏರಿಕೆ ಕೆಲವೇ ದಿನಗಳಲ್ಲಿ ಬಹುಮಟ್ಟಿಗೆ ತಗ್ಗುತ್ತವೆ. ಕ್ರೀಡಾ ಸಾಧನೆಗೆ ಸಿಗುವ ನೆರವು ನಿಧಾನವಾಗಿ ಕರಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಿಲೋ ದೇಹತೂಕಕ್ಕೆ 3 ಮಿ.ಗ್ರಾಂನಂತೆ 20 ದಿನ ಸತತವಾಗಿ ಕೊಟ್ಟಾಗ ಲಾಭ ಮೊದಲ ದಿನ ಅತಿ ಹೆಚ್ಚಿತ್ತು, ಬರಬರುತ್ತಾ ಕುಗ್ಗಿತು. 2017ರ ಇನ್ನೊಂದರಲ್ಲಿ ನಾಲ್ಕು ವಾರ ದಿನವೂ ಕಡಿಮೆ ಪ್ರಮಾಣ ಕೊಟ್ಟ ನಂತರ ಸೈಕ್ಲಿಂಗ್‌ನಲ್ಲಿ ಮೊದಲು ಕಂಡಿದ್ದ ಲಾಭ ಉಳಿಯಲಿಲ್ಲ. ನಿದ್ದೆಗೆ ಆಗುವ ಹಾನಿ ಮಾತ್ರ ಪೂರ್ತಿ ಒಗ್ಗುವುದೇ ಇಲ್ಲ. "ನಂಗೆ ಕಾಫಿ ಕುಡಿದರೂ ನಿದ್ದೆ ಬರುತ್ತೆ" ಎನ್ನುವವರಿಗೂ ಗಾಢ ನಿದ್ದೆ ಕಡಿಮೆಯಾಗುತ್ತಿರುತ್ತದೆ. ಮಲಗಿದ ಕೂಡಲೇ ನಿದ್ದೆ ಹತ್ತುವುದು ಅದರ ಗುಣಮಟ್ಟಕ್ಕೆ ಸಾಕ್ಷಿಯಲ್ಲ.

ದಿನವೂ ಕುಡಿಯುವವರಿಗೆ ಬೆಳಗಿನ ಮೊದಲ ಕಪ್ಪಿನಲ್ಲಿ ಸಿಗುವ ಹಾಯೆನಿಸುವ ಅನುಭವದಲ್ಲಿ ದೊಡ್ಡ ಪಾಲು ರಾತ್ರಿಯಿಡೀ ಕೆಫೀನ್ ಇಲ್ಲದೆ ಶುರುವಾದ ಕೊರತೆ ತುಂಬಿದ್ದು. ಅದು ಸಹಜ ಮಟ್ಟಕ್ಕೆ ವಾಪಸಾಗುವುದೇ ಹೊರತು ಅದಕ್ಕಿಂತ ಮೇಲೇರುವುದಲ್ಲ. ನಿಮಗೆ ಈಗ ಸಿಗುತ್ತಿರುವುದು ಇವೆರಡರಲ್ಲಿ ಯಾವುದು ಎಂದು ತಿಳಿಯದೆ ಡೋಸ್ ಏರಿಸುವುದರಲ್ಲಿ ಅರ್ಥವಿಲ್ಲ.

ಮೊದಲು ಲೆಕ್ಕ

ಏನನ್ನೂ ಬದಲಿಸದೆ ಏಳು ದಿನ ಬರೆದಿಡಿ: ಏನು ಕುಡಿದಿರಿ, ಎಷ್ಟು ಮಿ.ಲೀ., ಯಾವ ಹೊತ್ತಿಗೆ, ರಾತ್ರಿ ಎಷ್ಟಕ್ಕೆ ಮಲಗಿದಿರಿ. ಲೆಕ್ಕಕ್ಕೆ ಈ ಅಂದಾಜುಗಳು ಸಾಕು. ಸೋಸಿದ ಕಾಫಿ 240 ಮಿ.ಲೀ.ಗೆ ಸುಮಾರು 95 ಮಿ.ಗ್ರಾಂ, ಇನ್‌ಸ್ಟಂಟ್ ಕಾಫಿ ಒಂದು ಕಪ್ಪಿಗೆ 60ರಿಂದ 80, ಒಂದು ಎಸ್ಪ್ರೆಸೊ ಶಾಟ್‌ಗೆ 60ರ ಆಸುಪಾಸು, ಕಪ್ಪು ಚಹಾ 240 ಮಿ.ಲೀ.ಗೆ 45-50, ಹಸಿರು ಚಹಾ 30ರಷ್ಟು, 250 ಮಿ.ಲೀ. ಎನರ್ಜಿ ಡ್ರಿಂಕ್‌ಗೆ ಸಾಮಾನ್ಯವಾಗಿ 80, ಕೋಲಾ ಒಂದು ಕ್ಯಾನ್‌ಗೆ 35. ವ್ಯಾಯಾಮಕ್ಕೆ ಮುನ್ನ ಕುಡಿಯುವ ಪ್ರೀ-ವರ್ಕೌಟ್ ಪುಡಿಗಳಲ್ಲಿ ಒಂದು ಸ್ಕೂಪ್‌ಗೆ 150ರಿಂದ 300 ಮಿ.ಗ್ರಾಂ ಇರುವುದು ಸಾಮಾನ್ಯ.

ಲೆಕ್ಕ ತಪ್ಪುವುದು ಹೆಚ್ಚಾಗಿ ಮೂರು ಕಡೆ. ಲೇಬಲ್ ಮೇಲೆ ಗೌರಾನಾ (ಕೆಫೀನ್ ಇರುವ ಒಂದು ಬೀಜ), ಹಸಿರು ಚಹಾ ಸಾರ ಎಂದು ಬರೆದಿದ್ದರೆ ಅದೂ ಕೆಫೀನೇ. "ನೈಸರ್ಗಿಕ" ಎಂಬ ಪದ ನೋಡಿ ಬಿಟ್ಟುಬಿಡಬೇಡಿ. ಹಲವು ಘಟಕಗಳನ್ನು ಒಟ್ಟಿಗೆ ಸೇರಿಸಿ ಒಂದೇ ತೂಕ ಬರೆದ ಮಿಶ್ರಣಗಳಲ್ಲಿ ಕೆಫೀನ್ ಎಷ್ಟೆಂದು ಗೊತ್ತೇ ಆಗುವುದಿಲ್ಲ, ಅಂಥದ್ದನ್ನು ಬದಿಗಿಟ್ಟು ಪ್ರಮಾಣ ಸ್ಪಷ್ಟವಾಗಿ ಬರೆದಿರುವುದನ್ನು ಕೊಳ್ಳಿ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಸೇರಿರುತ್ತದೆ, ಕೆಲವದರಲ್ಲಿ ಒಂದು ಮಾತ್ರೆಗೆ 65 ಮಿ.ಗ್ರಾಂ ಅಥವಾ ಇನ್ನೂ ಹೆಚ್ಚು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200 ಮಿ.ಗ್ರಾಂ, ಇಡೀ ದಿನಕ್ಕೆ 400 ಮಿ.ಗ್ರಾಂವರೆಗೆ ಆತಂಕವಿಲ್ಲ ಎಂದಿತು. ಗರ್ಭಿಣಿಯರಿಗೆ ದಿನದ ಮಿತಿ 200. ನಿಮ್ಮ ವಾರದ ಸರಾಸರಿ 400 ದಾಟಿದ್ದರೆ ಮುಂದಿನ ಹೆಜ್ಜೆಗಳನ್ನು ಸಾಧನೆಗಾಗಿ ಅಲ್ಲದಿದ್ದರೂ ಆರೋಗ್ಯಕ್ಕಾಗಿ ಇಡಲೇಬೇಕು.

ಇಳಿಸುವ ವಿಧಾನ

ಒಂದೇ ಏಟಿಗೆ ಬಿಡುವುದು ಸಾಧ್ಯ, ಅಪಾಯಕಾರಿಯೂ ಅಲ್ಲ. ಆದರೆ ತರಬೇತಿಯ ನಡುವೆ ಇರುವವರಿಗೆ ಅದು ಒಂದು ವಾರವನ್ನೇ ಹಾಳು ಮಾಡುತ್ತದೆ. ಮೂರು ದಿನಕ್ಕೊಮ್ಮೆ ಸುಮಾರು 50 ಮಿ.ಗ್ರಾಂ ಕಡಿಮೆ ಮಾಡುವುದು ಹೆಚ್ಚಿನವರಿಗೆ ತಲೆನೋವಿಲ್ಲದೆ ಸಾಗುವ ದಾರಿ.

ಬೆಳಗ್ಗೆ 200 ಮಿ.ಗ್ರಾಂನ ಒಂದು ಸ್ಕೂಪ್, ಹಗಲಲ್ಲಿ ಎರಡು ಕಾಫಿ, ಸಂಜೆ ಒಂದು ಕಪ್ಪು ಚಹಾ ಇರುವವರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಟ್ಟು 437 ಮಿ.ಗ್ರಾಂ. ಅವರ ಇಳಿತ ಹೀಗೆ:

ದಿನ 1-3: ಸಂಜೆಯ ಚಹಾ ಇಲ್ಲ. ಉಳಿದಿದ್ದು 390.
ದಿನ 4-6: ಎರಡನೇ ಕಾಫಿ ಅರ್ಧ. 343.
ದಿನ 7-9: ಎರಡನೇ ಕಾಫಿ ಪೂರ್ತಿ ಇಲ್ಲ. 295.
ದಿನ 10-12: ಸ್ಕೂಪ್ ಮುಕ್ಕಾಲು. 245.
ದಿನ 13-15: ಸ್ಕೂಪ್ ಅರ್ಧ. 195.
ದಿನ 16-18: ಸ್ಕೂಪ್ ಕಾಲು. 145.
ದಿನ 19-21: ಸ್ಕೂಪ್ ಇಲ್ಲ, ಒಂದು ಕಾಫಿ ಮಾತ್ರ. 95.
ದಿನ 22-24: ಅರ್ಧ ಕಾಫಿ. 47.
25ನೇ ದಿನದಿಂದ: ಸೊನ್ನೆ.

ದಿನದ ಕೊನೆಯದನ್ನು ಮೊದಲು ತೆಗೆಯುವುದಕ್ಕೆ ಕಾರಣವಿದೆ. ಕೆಫೀನ್‌ನ ಅರ್ಧಾಯು, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾಗುವ ಹೊತ್ತು, ಸರಾಸರಿ ಐದು ಗಂಟೆ; ವ್ಯಕ್ತಿಯಿಂದ ವ್ಯಕ್ತಿಗೆ ಒಂದೂವರೆಯಿಂದ ಒಂಬತ್ತು ಗಂಟೆಗೂ ಮೇಲೆ ಹೋಗುತ್ತದೆ. ಸಂಜೆ ಐದಕ್ಕೆ ತೆಗೆದುಕೊಂಡದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲೇ ಇರುತ್ತದೆ. ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿ.ಗ್ರಾಂ ಕೂಡ ನಿದ್ದೆಯನ್ನು ಒಂದು ಗಂಟೆಗೂ ಹೆಚ್ಚು ಕಡಿತಗೊಳಿಸಿದ್ದು 2013ರ ಅಧ್ಯಯನವೊಂದರಲ್ಲಿ ಕಂಡಿತ್ತು. ಸಂಜೆಯದು ಹೋದರೆ ನಿದ್ದೆ ಸುಧಾರಿಸುತ್ತದೆ, ಸುಧಾರಿಸಿದ ನಿದ್ದೆಯೇ ಬೆಳಗಿನ ಅಗತ್ಯವನ್ನು ಕಡಿಮೆ ಮಾಡುತ್ತದೆ. ಬೆಳಗಿನದನ್ನು ಮೊದಲು ಬಿಟ್ಟು ಸಂಜೆಯದನ್ನು ಇಟ್ಟುಕೊಂಡವರು ಎರಡನೇ ವಾರದಲ್ಲೇ ಕೈಚೆಲ್ಲುವುದು ಇದೇ ಕಾರಣಕ್ಕೆ.

ಸ್ಕೂಪನ್ನು ಕಣ್ಣಂದಾಜಿನಲ್ಲಿ ಕಾಲು, ಮುಕ್ಕಾಲು ಮಾಡಬೇಡಿ. ಡಬ್ಬಿಯಲ್ಲಿ ಹಗುರ, ಭಾರದ ಕಣಗಳು ಬೇರೆ ಬೇರೆ ಪದರದಲ್ಲಿ ಕೂತಿರುತ್ತವೆ. ಮುಚ್ಚಳ ಹಾಕಿ ಡಬ್ಬಿಯನ್ನು ಚೆನ್ನಾಗಿ ಉರುಳಿಸಿ ಬೆರೆಸಿ, 0.1 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ಪೂರ್ತಿ ಸ್ಕೂಪಿನ ತೂಕ ನೋಡಿ ಅದನ್ನು ಭಾಗ ಮಾಡಿ. ಕಾಫಿಯನ್ನು ಅರ್ಧ ಮಾಡಲು ಡಿಕ್ಯಾಫ್ (ಕೆಫೀನ್ ತೆಗೆದ ಕಾಫಿ) ಪುಡಿ ಬೆರೆಸುವುದು ಸುಲಭ. ಡಿಕ್ಯಾಫ್‌ನಲ್ಲೂ ಒಂದು ಕಪ್ಪಿಗೆ 2ರಿಂದ 15 ಮಿ.ಗ್ರಾಂ ಉಳಿದಿರುತ್ತದೆ, ಅದು ಲೆಕ್ಕಕ್ಕೆ ಬರುವಷ್ಟಲ್ಲ.

ಶುದ್ಧ ಕೆಫೀನ್ ಪುಡಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಒಂದು ಟೀ ಚಮಚದಲ್ಲಿ ಹಲವು ಗ್ರಾಂ ಇರುತ್ತದೆ, ಅಷ್ಟೇ ಪ್ರಾಣಕ್ಕೆ ಎರವಾಗಬಲ್ಲದು. ಅಳತೆ ತಪ್ಪಿ ಜನ ಸತ್ತಿದ್ದಾರೆ. ನಿಖರ ಡೋಸ್ ಬೇಕಿದ್ದರೆ 100 ಮಿ.ಗ್ರಾಂನ ಮಾತ್ರೆ ಸಾಕು, ಅದನ್ನು ಅರ್ಧಕ್ಕೆ ಮುರಿಯಲೂಬಹುದು.

ಇಳಿಯುವಾಗ ಕಾಡುವುದು

ಕೊರತೆಯ ಲಕ್ಷಣಗಳು ಕೊನೆಯ ಡೋಸ್ ಆದ 12ರಿಂದ 24 ಗಂಟೆಗಳಲ್ಲಿ ಶುರುವಾಗುತ್ತವೆ, 20ರಿಂದ 51ನೇ ಗಂಟೆಯ ನಡುವೆ ತುದಿ ಮುಟ್ಟುತ್ತವೆ, ಎರಡರಿಂದ ಒಂಬತ್ತು ದಿನಗಳಲ್ಲಿ ಹೋಗುತ್ತವೆ. ದಿನಕ್ಕೆ 100 ಮಿ.ಗ್ರಾಂ ಮಾತ್ರ ತೆಗೆದುಕೊಳ್ಳುವವರಿಗೂ ಇದು ಬರಬಹುದು. ತಲೆನೋವು ಎಲ್ಲಕ್ಕಿಂತ ಸಾಮಾನ್ಯ: ಕೆಫೀನ್ ಮಿದುಳಿನ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಅದು ಇಲ್ಲವಾದಾಗ ಅವು ಹಿಗ್ಗಿ ರಕ್ತದ ಹರಿವು ಹೆಚ್ಚುತ್ತದೆ. ಅದರ ಜೊತೆಗೆ ಆಯಾಸ, ಸಿಡುಕು, ಗಮನ ನಿಲ್ಲದಿರುವುದು, ಮಂಕು ಬಡಿದಂತಿರುವುದು, ಒಮ್ಮೊಮ್ಮೆ ವಾಕರಿಕೆ, ಮೈಕೈ ನೋವು. ಜ್ವರ ಬರುವಂತಿದೆ ಎಂದು ಅಂದುಕೊಳ್ಳುವವರೂ ಇದ್ದಾರೆ.

ಒಂದು ಮೆಟ್ಟಿಲಲ್ಲಿ ತಲೆನೋವು ಎರಡು ದಿನಕ್ಕಿಂತ ಹೆಚ್ಚು ಉಳಿದರೆ ಹಿಂದಿನ ಮೆಟ್ಟಿಲಿಗೆ ಮರಳಿ ಐದು ದಿನ ಅಲ್ಲೇ ನಿಂತು, ಆಮೇಲೆ 50ರ ಬದಲು 25 ಮಿ.ಗ್ರಾಂನಂತೆ ಇಳಿಯಿರಿ. ಇದು ಸೋಲಲ್ಲ, ದೇಹ ಕೇಳುತ್ತಿರುವ ವೇಗ ಅಷ್ಟೇ. ಮಾತ್ರೆ ಬೇಕೇ ಬೇಕಾದರೆ ಕೆಫೀನ್ ಬೆರೆಸದ ಪ್ಯಾರಾಸಿಟಮಾಲ್ ಆರಿಸಿ, ಪೊಟ್ಟಣದ ಮೇಲಿನ ಮಿತಿ ಮೀರಬೇಡಿ. ಕೆಫೀನ್ ಬೆರೆಸಿದ್ದನ್ನು ನುಂಗಿದರೆ ತಲೆನೋವು ಪವಾಡದಂತೆ ಮಾಯವಾಗುತ್ತದೆ, ಬಿಡುವು ಮಾತ್ರ ಅಲ್ಲಿಗೇ ಮುಗಿದಿರುತ್ತದೆ. ತಿಂಗಳಿಗೆ ಹತ್ತು ದಿನಕ್ಕಿಂತ ಹೆಚ್ಚು ಅಂಥ ಮಿಶ್ರ ಮಾತ್ರೆ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವನ್ನು ಹುಟ್ಟಿಸುವ ಸ್ಥಿತಿ ಬರಬಹುದು. ಸಿಡಿಲು ಬಡಿದಂತೆ ಒಮ್ಮೆಲೇ ಶುರುವಾದ ತಲೆನೋವು, ಜ್ವರದೊಂದಿಗೆ ಕತ್ತು ಬಿಗಿತ, ಕೈಕಾಲಿನ ಬಲಹೀನತೆ, ದೃಷ್ಟಿ ಮಸುಕು ಇವನ್ನು ಕೆಫೀನ್ ಲೆಕ್ಕಕ್ಕೆ ಬರೆಯಬೇಡಿ; ಕೂಡಲೇ ವೈದ್ಯರ ಬಳಿ ಹೋಗಬೇಕು.

ಇಳಿಸುವ ವಾರಗಳಲ್ಲಿ ಬೇರೆ ಬದಲಾವಣೆಗಳನ್ನು ಜೊತೆಗೆ ಹೇರದಿರುವುದು ಒಳ್ಳೆಯದು. ಕ್ಯಾಲೊರಿ ಕಡಿತ, ಹೊಸ ತರಬೇತಿ ಚಕ್ರ, ರಾತ್ರಿ ಪಾಳಿ ಇವೆಲ್ಲ ಒಟ್ಟಿಗೆ ಬಂದರೆ ಯಾವುದು ಯಾವುದನ್ನು ಕೆಡಿಸಿತು ಎಂದು ಹೇಳಲಾಗುವುದಿಲ್ಲ. ಧೂಮಪಾನ ಬಿಡುತ್ತಿರುವವರು ವಿಶೇಷವಾಗಿ ಗಮನಿಸಬೇಕು: ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಹೊಗೆ ಚುರುಕಾಗಿಸಿರುತ್ತದೆ, ಅದು ನಿಂತ ಮೇಲೆ ಅದೇ ಕಾಫಿಯಿಂದ ರಕ್ತದಲ್ಲಿ ಸುಮಾರು ದುಪ್ಪಟ್ಟು ಕೆಫೀನ್ ಉಳಿಯುತ್ತದೆ. ನಿಕೋಟಿನ್ ಬಿಟ್ಟಿದ್ದಕ್ಕೆ ತಳಮಳ ಎಂದುಕೊಂಡದ್ದರಲ್ಲಿ ಒಂದಿಷ್ಟು ಕೆಫೀನ್‌ನದ್ದೂ ಇರಬಹುದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲೂ ಅರ್ಧಾಯು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಬಿಡುವು ಎಷ್ಟು ದಿನ, ಆಗ ತರಬೇತಿ ಹೇಗೆ

ಸೊನ್ನೆಗೆ ತಲುಪಿದ ಮೇಲೆ ಎರಡು ವಾರ ಎಂದಿಟ್ಟುಕೊಳ್ಳಿ. ಒಂದು ವಾರಕ್ಕಿಂತ ಚಿಕ್ಕ ಬಿಡುವಿನಲ್ಲಿ ಕೊರತೆಯ ಕಷ್ಟವನ್ನು ಅನುಭವಿಸಿ, ಅದು ಮುಗಿಯುವ ಹೊತ್ತಿಗೆ ಮತ್ತೆ ಶುರು ಮಾಡಿದಂತಾಗುತ್ತದೆ. ಶನಿವಾರ, ಭಾನುವಾರ ಬಿಟ್ಟು ಸೋಮವಾರ ಹಿಂತಿರುಗುವ ಕ್ರಮವಂತೂ ಎರಡೂ ಕಡೆಯ ನಷ್ಟ: ತಲೆನೋವು ತುದಿ ಮುಟ್ಟುವುದು ಸರಿಯಾಗಿ ಆ ಎರಡು ದಿನಗಳಲ್ಲೇ.

ಬಿಡುವನ್ನು ತರಬೇತಿಯ ಭಾರ ಇಳಿಸುವ ವಾರಕ್ಕೆ ಅಥವಾ ಸ್ಪರ್ಧಾ ಋತು ಮುಗಿದ ಮೇಲಕ್ಕೆ ಹೊಂದಿಸಿ. ಮೊದಲ ಐದಾರು ದಿನ ಅದೇ ತೂಕ, ಅದೇ ವೇಗ ಹೆಚ್ಚು ಕಷ್ಟವೆನಿಸುತ್ತದೆ, ಏಕೆಂದರೆ ಕೆಫೀನ್ ಮುಖ್ಯವಾಗಿ ತಗ್ಗಿಸುವುದು ಶ್ರಮದ ಅನುಭವವನ್ನೇ. ಸ್ನಾಯುಬಲ ಕಳೆದುಹೋಗಿಲ್ಲ. ಓಟದಲ್ಲಿ ಗಡಿಯಾರದ ವೇಗ ಬಿಟ್ಟು ಉಸಿರಿನ ಲೆಕ್ಕದಲ್ಲಿ ಓಡಿ. ಭಾರ ಎತ್ತುವವರು ಪ್ರತಿ ಸೆಟ್‌ನಲ್ಲಿ ಒಂದೆರಡು ಎತ್ತುವಿಕೆ ಉಳಿಸಿಕೊಂಡು ನಿಲ್ಲಿಸಿ. ಗರಿಷ್ಠ ಭಾರ ಪರೀಕ್ಷಿಸುವ ವಾರ ಇದಲ್ಲ. ಆ ಎರಡು ವಾರದಲ್ಲೂ ಹಗಲೆಲ್ಲ ತೂಕಡಿಸುತ್ತಿದ್ದರೆ ಕೆಫೀನ್ ಇಷ್ಟು ದಿನ ಮುಚ್ಚಿಟ್ಟಿದ್ದ ನಿದ್ದೆಯ ಸಾಲ ಈಗ ಕಾಣುತ್ತಿದೆ ಎಂದರ್ಥ. ಅದಕ್ಕೆ ಮದ್ದು ನಿದ್ದೆಯೇ. ಎಂಟು ಗಂಟೆ ಮಲಗಿ ಎರಡು ವಾರ ಕಳೆದರೂ ಹಾಗೇ ಇದ್ದರೆ ರಕ್ತಹೀನತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವುಗಳ ತಪಾಸಣೆ ಮಾಡಿಸಿಕೊಳ್ಳಿ.

ಮತ್ತೆ ಶುರು ಮಾಡುವಾಗ

ಬಿಡುವಿನ ನಂತರ ಹಳೆಯ ಡೋಸಿಗೆ ನೇರ ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 300 ಮಿ.ಗ್ರಾಂ ತಡೆಯುತ್ತಿದ್ದ ದೇಹ ಈಗ ಅದಲ್ಲ. ಕಿಲೋಗೆ 1.5ರಿಂದ 2 ಮಿ.ಗ್ರಾಂನಿಂದ, ಅಂದರೆ 70 ಕಿಲೋ ತೂಗುವವರು 100-140 ಮಿ.ಗ್ರಾಂನಿಂದ ಶುರು ಮಾಡಿ. ಹೆಚ್ಚಿನವರಿಗೆ ಇದೇ ಸಾಕಾಗುವುದನ್ನು ಕಂಡು ಅಚ್ಚರಿಯಾಗುತ್ತದೆ.

ಸಾಧನೆಗೆ ನೆರವಾಗುವ ಪ್ರಮಾಣವೆಂದು ಸಂಶೋಧನೆಗಳಲ್ಲಿ ಸ್ಥಿರವಾಗಿ ಕಂಡಿರುವುದು ಕಿಲೋಗೆ 3ರಿಂದ 6 ಮಿ.ಗ್ರಾಂ. 9ಕ್ಕೆ ಏರಿಸಿದರೆ ಲಾಭ ಹೆಚ್ಚುವುದಿಲ್ಲ, ನಡುಕ, ಹೊಟ್ಟೆ ಕೆಡುವುದು, ತಳಮಳ ಮಾತ್ರ ಹೆಚ್ಚುತ್ತವೆ. ಹಾಗಿದ್ದರೂ 6ರ ಕಡೆ ಹೋಗುವ ಅಗತ್ಯ ಬಹುತೇಕರಿಗಿಲ್ಲ: 70 ಕಿಲೋದವರಿಗೆ ಅದು 420 ಮಿ.ಗ್ರಾಂ, ಒಂದೇ ಸಲಕ್ಕೆ ಇಡೀ ದಿನದ ಮಿತಿಗಿಂತ ಜಾಸ್ತಿ. ಕಿಲೋಗೆ 3, ಅಂದರೆ 210 ಮಿ.ಗ್ರಾಂ, ಇದನ್ನೇ ಮೇಲಿನ ಮಿತಿಯಾಗಿ ಇಟ್ಟುಕೊಳ್ಳುವುದು ನಮ್ಮ ಸಲಹೆ.

ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ ಎರಡು ದಿನ ಬಿಟ್ಟು, ಅತಿ ಕಠಿಣ ಎರಡು ತರಬೇತಿಗಳಿಗೆ ಮಾತ್ರ ಬಳಸಿ. ಉಳಿದ ದಿನ ಸೊನ್ನೆ, ಅಥವಾ ಬೆಳಗ್ಗೆ ಒಂದು ಚಿಕ್ಕ ಚಹಾ. ಸಾಧಾರಣ ಓಟಕ್ಕೂ, ಬೇಸರ ಕಳೆಯಲೂ ಅದೇ ಡೋಸ್ ತೆಗೆದುಕೊಂಡರೆ ಆರು ವಾರದೊಳಗೆ ಹಳೆಯ ಜಾಗಕ್ಕೇ ವಾಪಸಾಗುತ್ತೀರಿ.

ನಿಜವಾಗಿಯೂ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಬಗೆಯೂ ಇದೆ. ಕೆಫೀನ್ ತೆಗೆದುಕೊಂಡಿದ್ದೇವೆ ಎಂಬ ನಂಬಿಕೆಯೇ ಸಾಧನೆಯನ್ನು ಒಂದಿಷ್ಟು ಏರಿಸುತ್ತದೆ, ಹಾಗಾಗಿ ತಿಳಿದು ತಿಳಿದೇ ಮಾಡಿದ ಪರೀಕ್ಷೆಗೆ ಬೆಲೆ ಕಡಿಮೆ. ಸ್ನೇಹಿತರೊಬ್ಬರಿಗೆ ಸಾಮಾನ್ಯ ಕಾಫಿ ಮತ್ತು ಡಿಕ್ಯಾಫ್ ಎರಡನ್ನೂ ಒಂದೇ ಕಹಿಗೆ ಹದಗೊಳಿಸಿ, ಯಾವ ದಿನ ಯಾವುದು ಎಂದು ಗುಟ್ಟಾಗಿ ಬರೆದಿಡಲು ಹೇಳಿ. ಒಂದೇ ಹಾದಿ, ಒಂದೇ ಹೊತ್ತು, ಒಂದೇ ಬಗೆಯ ಹಿಂದಿನ ರಾತ್ರಿ. ಪ್ರತಿಯೊಂದಕ್ಕೂ ಮೂರು ಸಲ. ಕೊನೆಯಲ್ಲಿ ಚೀಟಿ ಬಿಚ್ಚಿ ಸಮಯಗಳನ್ನು ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಆ ಪ್ರಮಾಣ ನಿಮಗೆ ಏನನ್ನೂ ಕೊಡುತ್ತಿಲ್ಲ.

ಸ್ಪರ್ಧೆಯ ವಾರ

ಸ್ಪರ್ಧೆಗೆ ಮುನ್ನ ನಾಲ್ಕೈದು ದಿನ ಬಿಟ್ಟರೆ ಅಂದು ಜೋರಾಗಿ ಹಿಡಿಯುತ್ತದೆ ಎಂಬ ನಂಬಿಕೆ ಓಟಗಾರರಲ್ಲೂ ಸೈಕಲ್ ಸವಾರರಲ್ಲೂ ಬೇರೂರಿದೆ. 2011ರಲ್ಲಿ ನುರಿತ ಸೈಕಲ್ ಸವಾರರ ಮೇಲೆ ಇದನ್ನೇ ಪರೀಕ್ಷಿಸಿದಾಗ, ಕಿಲೋಗೆ 3 ಮಿ.ಗ್ರಾಂ ಡೋಸ್ ನಾಲ್ಕು ದಿನ ಬಿಟ್ಟ ನಂತರವೂ ಬಿಡದೆಯೂ ಒಂದೇ ರೀತಿ ನೆರವಾಯಿತು. ಬಿಟ್ಟದ್ದರಿಂದ ಹೆಚ್ಚಿನದೇನೂ ಸಿಗಲಿಲ್ಲ. ಸಿಗದ ಲಾಭಕ್ಕಾಗಿ ಸ್ಪರ್ಧೆಯ ವಾರದ ನಿದ್ದೆ, ಮನಸ್ಥಿತಿಗಳನ್ನು ಪಣಕ್ಕಿಡಬೇಡಿ. ಬಿಡುವನ್ನು ಕನಿಷ್ಠ ಮೂರು ವಾರ ಮೊದಲೇ ಮುಗಿಸಿ. ಅದು ಆಗಲಿಲ್ಲವೆಂದರೆ ನಿಮ್ಮ ಮಾಮೂಲಿ ಪ್ರಮಾಣದಲ್ಲೇ ಮುಂದುವರಿಯಿರಿ.

ಮಾತ್ರೆಯಾದರೆ ಆರಂಭಕ್ಕೆ 60 ನಿಮಿಷ ಮೊದಲು. ರಕ್ತದ ಮಟ್ಟ ಸಾಮಾನ್ಯವಾಗಿ 30ರಿಂದ 60 ನಿಮಿಷದಲ್ಲಿ ಗರಿಷ್ಠವಾಗುತ್ತದೆ. ಹೊಟ್ಟೆ ತುಂಬಿದ್ದರೆ ತಡ. ಕೆಫೀನ್ ಚ್ಯೂಯಿಂಗ್ ಗಮ್ ಬಾಯಿಯ ಒಳಪದರದಿಂದಲೇ ಹೀರಿಕೆಯಾಗುವುದರಿಂದ 10 ನಿಮಿಷ ಮೊದಲು ಅಗಿದರೆ ಸಾಕು. ಮೂರು ಗಂಟೆಗೂ ಮೀರಿದ ಸ್ಪರ್ಧೆಗಳಲ್ಲಿ ಎಲ್ಲವನ್ನೂ ಮೊದಲೇ ನುಂಗುವ ಬದಲು ಕೊನೆಯ ಮೂರನೇ ಭಾಗಕ್ಕೆ 100 ಮಿ.ಗ್ರಾಂ ಉಳಿಸಿಡಿ, ದಣಿವು ನಿಜಕ್ಕೂ ಅಡ್ಡ ಬರುವುದು ಅಲ್ಲಿ. ತರಬೇತಿಯಲ್ಲಿ ಒಮ್ಮೆಯೂ ಪ್ರಯತ್ನಿಸದ ರೂಪವನ್ನಾಗಲಿ ಪ್ರಮಾಣವನ್ನಾಗಲಿ ಅಂದು ಬಳಸಬಾರದು. ಎರಡು ದಿನದ ಪಂದ್ಯಾವಳಿಯಲ್ಲಿ ಮೊದಲ ಸಂಜೆಯ ಡೋಸ್ ಎರಡನೇ ದಿನಕ್ಕೆ ಮುಂಚಿನ ರಾತ್ರಿಯ ನಿದ್ದೆಯನ್ನು ಕಸಿಯುತ್ತದೆ. ಆ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ.

ನಿಯಮದ ಮಾತು: ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ವಾಡಾ, ಕೆಫೀನನ್ನು 2004ರಲ್ಲಿ ನಿಷೇಧಿತ ಪಟ್ಟಿಯಿಂದ ತೆಗೆಯಿತು. ಅದಕ್ಕೂ ಮೊದಲು ಮೂತ್ರದಲ್ಲಿ ಮಿ.ಲೀ.ಗೆ 12 ಮೈಕ್ರೋಗ್ರಾಂ ಮಿತಿಯಿತ್ತು. ಈಗ ಅದು ನಿಗಾ ಪಟ್ಟಿಯಲ್ಲಷ್ಟೇ ಇದೆ. ಅಮೆರಿಕದ ಕಾಲೇಜು ಕ್ರೀಡೆಗಳಲ್ಲಿ ಮಾತ್ರ ಮೂತ್ರದ ಮಿತಿ 15 ಮೈಕ್ರೋಗ್ರಾಂ ಎಂದಿದೆ.

ಬೇರೆ ಉತ್ತೇಜಕಗಳು, ಮತ್ತು ಯಾರು ದೂರವಿರಬೇಕು

ಕೆಫೀನ್ ಒಗ್ಗಿತೆಂದು ಮತ್ತೊಂದು ಉತ್ತೇಜಕಕ್ಕೆ ಹಾರುವುದು ಬಿಡುವಲ್ಲ. ಎಫೆಡ್ರಿನ್, ಡಿಎಂಎಎ, ಆಂಫೆಟಮಿನ್‌ಗಳು ಸ್ಪರ್ಧೆಯಲ್ಲಿ ನಿಷಿದ್ಧ (ಎಫೆಡ್ರಿನ್‌ಗೆ ಮೂತ್ರದ ಮಿತಿ ಮಿ.ಲೀ.ಗೆ 10 ಮೈಕ್ರೋಗ್ರಾಂ). ಹೃದಯ, ರಕ್ತದೊತ್ತಡಗಳ ಮೇಲೆ ಅವುಗಳ ಏಟು ಕೆಫೀನ್‌ಗಿಂತ ಬಹಳ ಹೆಚ್ಚು, ಕೆಫೀನ್ ಜೊತೆ ಸೇರಿದರೆ ಇನ್ನೂ ಹೆಚ್ಚು. ಡಿಎಂಎಎ ಕೆಲವು ಪುಡಿಗಳಲ್ಲಿ ಜೆರೇನಿಯಂ ಸಾರ ಎಂಬ ಹೆಸರಿನಲ್ಲಿ ಅಡಗಿರುತ್ತದೆ. ಸ್ಪರ್ಧಿಗಳು ಸ್ವತಂತ್ರ ಪ್ರಯೋಗಾಲಯದಲ್ಲಿ ಬ್ಯಾಚ್ ಪರೀಕ್ಷೆಯಾದ ಪೂರಕಗಳನ್ನಷ್ಟೇ ಕೊಳ್ಳಬೇಕು. ಎಡಿಎಚ್‌ಡಿಗೆ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ವೈದ್ಯರು ಕೊಟ್ಟ ಉತ್ತೇಜಕ ಔಷಧಿಗಳಿಗೆ ಈ ಲೇಖನದ ಯಾವ ಹೆಜ್ಜೆಯೂ ಅನ್ವಯಿಸುವುದಿಲ್ಲ. ಅವುಗಳ ಏರಿಳಿತ, ಬಿಡುವು ಎಲ್ಲ ಬರೆದುಕೊಟ್ಟ ವೈದ್ಯರ ನಿರ್ಧಾರ.

ಹೃದಯ ಬಡಿತದ ಲಯ ತಪ್ಪುವವರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಪ್ಯಾನಿಕ್ ಅಟ್ಯಾಕ್ ಆಗುವವರು, 18 ದಾಟದವರು ಸಾಧನೆಯ ಡೋಸಿಗೆ ಕೈ ಹಾಕಬಾರದು. ಫ್ಲೂವೊಕ್ಸಮಿನ್ (ಖಿನ್ನತೆಯ ಔಷಧ), ಸಿಪ್ರೊಫ್ಲಾಕ್ಸಸಿನ್ (ಆ್ಯಂಟಿಬಯಾಟಿಕ್) ತೆಗೆದುಕೊಳ್ಳುವಾಗ ಕೆಫೀನ್ ದೇಹದಿಂದ ಹೊರಹೋಗುವುದು ತುಂಬ ನಿಧಾನವಾಗುತ್ತದೆ. ಮನೋರೋಗಕ್ಕೆ ಲಿಥಿಯಂ ಸೇವಿಸುವವರು ಕೆಫೀನ್ ಬಿಟ್ಟರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಕ್ಲೋಜಪಿನ್ ಎಂಬ ಮನೋರೋಗದ ಔಷಧ ಸೇವಿಸುವವರಲ್ಲಿ ಅದರ ಮಟ್ಟ ಇಳಿಯುತ್ತದೆ. ಈ ಇಬ್ಬರೂ ಇಳಿಸುವ ಮೊದಲೇ ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆಯ ದಿನ ಗೊತ್ತು ಮಾಡಿಕೊಳ್ಳಬೇಕು.

ಡೋಸ್ ಮೀರಿದಾಗ ಮೊದಲು ನಡುಕ, ವಾಂತಿ, ನಿಲ್ಲದ ತಳಮಳ ಕಾಣುತ್ತವೆ. ಎದೆನೋವು, ಲಯ ತಪ್ಪಿದ ಬಡಿತ, ಗೊಂದಲ, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ, ಕುಡಿದ ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.